ಕೂಡುರಸ್ತೆಯ ನ್ಯಾಯ



ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ತೀರ್ಮಾನ ಕಾಣದೆ ಉಳಿದ ಒಂದು ವ್ಯಾಜ್ಯವುಂಟು. ವಾದಿ ನಾನು, ಪ್ರತಿವಾದಿ ನನ್ನ ತಮ್ಮ. ನಾನು ಗಂಗಾವತಿಯ ಸೀಮೆಯಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು. ಆ ಮೂವತ್ತೂ ವರ್ಷ ಸೈಕಲ್ಲಿನ ಮೇಲೆಯೇ ಶಾಲೆಗೆ ಹೋಗಿಬಂದವನು. ತಮ್ಮನಾದರೋ ಸಾರಿಗೆ ಬಸ್ಸಿನ ಚಾಲಕನಾಗಿ ಕುಷ್ಟಗಿ, ಯಲಬುರ್ಗಾ, ಕೊಪ್ಪಳಗಳ ನಡುವೆ ದುಡಿದು ನಿವೃತ್ತನಾದವನು. ಹಬ್ಬದ ದಿನ ಹೋಳಿಗೆಯ ಎಲೆಯ ಮುಂದೆ ಕುಳಿತಾಗಲೂ ನಮ್ಮ ವಾದ ಒಂದೇ: ನಾಲ್ಕು ದಾರಿ ಕೂಡುವಲ್ಲಿ ಮೊದಲು ಹೋಗಬೇಕಾದವರು ಯಾರು, ಸೈಕಲ್ಲಿನವನೋ ಬಸ್ಸಿನವನೋ?

ಇದು ನಮ್ಮಿಬ್ಬರ ಹಟ ಮಾತ್ರವಲ್ಲ, ನಮ್ಮ ಸೀಮೆಯ ಭೂಗೋಳವೂ ಹೌದು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರ ಮಡಿಲಿಗೆ ಬಂದವು ನಾಲ್ಕು ತಾಲೂಕುಗಳು. ಗಂಗಾವತಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಬಯಲು. ನೆಲ ಸಮತಟ್ಟು, ಹಳ್ಳಿಗಳೂ ಕ್ಯಾಂಪುಗಳೂ ಒಂದಕ್ಕೊಂದು ಸನಿಹ. ಅಲ್ಲಿ ಸೈಕಲ್ಲಿಗೆ ದಾರಿ ಸಲೀಸು. ಕುಷ್ಟಗಿ, ಯಲಬುರ್ಗಾಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಒಣಬೇಸಾಯದ ಸೀಮೆ. ಊರಿಂದೂರಿಗೆ ದೂರ ಹೆಚ್ಚು. ಅಲ್ಲಿ ಬಸ್ಸು ತಪ್ಪಿತೆಂದರೆ ಆಸ್ಪತ್ರೆ ತಪ್ಪಿತು, ಸಂತೆ ತಪ್ಪಿತು, ಕಾಲೇಜು ತಪ್ಪಿತು. ಈ ಎರಡು ಬಗೆಯ ಬದುಕೂ ಬಂದು ಕೂಡುವುದು ಕೊಪ್ಪಳದಲ್ಲಿ. ಹುಬ್ಬಳ್ಳಿ–ಹೊಸಪೇಟೆಯ ಹೆದ್ದಾರಿಯೂ ಅಲ್ಲಿಯೇ ಹಾಯ್ದಿದೆ. ಎರಡರ ಹಿಂದೆಯೂ ಸರಕಾರದ ಕೈ ಇದ್ದುದುಂಟು. 2006–07ರಿಂದ ಹಲವು ವರ್ಷ ಸರಕಾರಿ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಲಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾಯಿತು. ಸೈಕಲ್ಲೂ ಬಡವರದು, ಬಸ್ಸೂ ಬಡವರದು. ಆದುದರಿಂದಲೇ ಈ ವ್ಯಾಜ್ಯ ಕಠಿಣವಾದದ್ದು.

ಸಂಚಾರದೀಪದ ಹುಟ್ಟನ್ನು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ಮೊಟ್ಟಮೊದಲ ದೀಪದ ಕಂಬವನ್ನು ನಿಲ್ಲಿಸಲಾಯಿತು. ಅದನ್ನು ರೂಪಿಸಿದಾತ ರೈಲ್ವೆ ಸಿಗ್ನಲ್ಲುಗಳ ಎಂಜಿನಿಯರು. ಅದು ಗ್ಯಾಸಿನ ದೀಪ. ಮರುವರ್ಷದ ಜನವರಿಯಲ್ಲಿ ಸಿಡಿದು, ಅದನ್ನು ನಡೆಸುತ್ತಿದ್ದ ಪೋಲೀಸಿನವನೇ ಗಾಯಗೊಂಡ. ವಿದ್ಯುದ್ದೀಪ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1914ರಲ್ಲಿ ಬಂದಿತು. ರೈಲಿಗೆ ತನ್ನದೇ ಹಳಿ ಇದೆ. ಒಂದು ಹಳಿಯ ಮೇಲೆ ಒಂದು ಕಾಲಕ್ಕೆ ಒಂದೇ ಗಾಡಿ. ಬೀದಿಯ ಮಾತು ಹಾಗಲ್ಲ. ಅಲ್ಲಿ ಆನೆಯೂ ಇರುವೆಯೂ ಒಂದೇ ಹಸಿರಿಗೆ ಹೊರಡಬೇಕು.

ಸ್ವಲ್ಪ ಲೆಕ್ಕ ಹಾಕೋಣ. ಸೈಕಲ್ಲಿನ ಹುಡುಗಿ ಗಂಟೆಗೆ ಹದಿನಾಲ್ಕು ಹದಿನೈದು ಕಿಲೋಮೀಟರಿನಂತೆ ತುಳಿದರೆ ಸೆಕೆಂಡಿಗೆ ಸುಮಾರು ನಾಲ್ಕು ಮೀಟರು ಸಾಗುತ್ತಾಳೆ. ಮೂರು ಸೆಕೆಂಡು ಹಳದಿ ದೀಪ ಉರಿದರೆ ಅವಳು ಕ್ರಮಿಸುವುದು ಹನ್ನೆರಡು ಮೀಟರು ಮಾತ್ರ. ಕೂಡುರಸ್ತೆಯ ಅಗಲ ಮೂವತ್ತು ಮೀಟರಿದ್ದರೆ, ಹಸಿರಿನ ಕೊನೆಯ ಗಳಿಗೆಯಲ್ಲಿ ಒಳಹೊಕ್ಕವಳು ನಟ್ಟನಡುವೆ ಇರುವಾಗಲೇ ಪಕ್ಕದ ರಸ್ತೆಗೆ ಹಸಿರಾಗುತ್ತದೆ. ಅವಳು ನಿಯಮ ಮೀರಿಲ್ಲ. ನಿಯಮವೇ ಅವಳ ಕಾಲನ್ನು ಅಳೆದಿಲ್ಲ. ಇನ್ನು ಬಸ್ಸಿನ ಕಡೆಗೆ ಬನ್ನಿ. ಐವತ್ತು ಜನರಿರುವ ಬಸ್ಸು ಒಂದು ನಿಮಿಷ ನಿಂತರೆ ಐವತ್ತು ನಿಮಿಷ ನಷ್ಟವಾದಂತೆ. ಅದರಲ್ಲಿ ಹೆರಿಗೆಗೆ ಹೊರಟವಳಿರಬಹುದು, ಪರೀಕ್ಷೆಗೆ ಹೊರಟವನಿರಬಹುದು. ಆ ಲೆಕ್ಕವೂ ಸುಳ್ಳಲ್ಲ.

ನಾನು ಈ ಮಾತನ್ನು ವಿನೋದಕ್ಕಾಗಿ ಎತ್ತಿಕೊಂಡಿಲ್ಲ. 2011ರಲ್ಲಿ ನನ್ನ ತರಗತಿಯ ಒಬ್ಬ ಹುಡುಗಿ, ಶಾಲೆಯಿಂದ ಕೊಟ್ಟ ಸೈಕಲ್ಲಿನ ಮೇಲೆ, ಒಂದು ಕೂಡುರಸ್ತೆಯಲ್ಲಿ ಬಸ್ಸಿನ ಎಡಮಗ್ಗುಲಿಗೆ ನಿಂತಿದ್ದಳು. ದಾರಿ ಬಿಟ್ಟಾಗ ಬಸ್ಸು ಎಡಕ್ಕೆ ಹೊರಳಿತು. ಉದ್ದನೆಯ ಗಾಡಿ ತಿರುಗುವಾಗ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಹುಡುಗಿ ಹಾರಿ ಉಳಿದಳು. ಸೈಕಲ್ಲಿನ ಮುಂಗಾಲಿ ಸೊಟ್ಟಗಾಯಿತು. ಅವಳ ತಂದೆ ಅದನ್ನು ಮನೆಯ ಗೋಡೆಗೆ ಒರಗಿಸಿಟ್ಟ. ಅವಳೂರಿನ ಬಸ್ಸಿನ ಹೊತ್ತು ಶಾಲೆಯ ಹೊತ್ತಿಗೆ ಹೊಂದಲಿಲ್ಲ. ಒಂಬತ್ತನೆಯ ತರಗತಿಗೆ ಅವಳು ಬರಲಿಲ್ಲ. ಮೈಗೆ ಗಾಯವಾಗಿರಲಿಲ್ಲವಾದ್ದರಿಂದ ಆ ಅಪಘಾತ ಯಾವ ದಫ್ತರದಲ್ಲಿಯೂ ದಾಖಲಾಗಲಿಲ್ಲ.

ಆ ಸಂಜೆ ನಾನು ತಮ್ಮನ ಮೇಲೆ ಹರಿಹಾಯ್ದೆ. ಚಾಲಕನು ಅವನಾಗಿರಲಿಲ್ಲ. ಆದರೂ ಅವನು ತನ್ನನ್ನು ಬಿಟ್ಟುಕೊಡದೆ ಹೇಳಿದ: “ಅಣ್ಣಾ, ಆ ಜಾಗಾದಾಗ ನಾ ಇದ್ರೂ ಹಂಗ ಆಗ್ತಿತ್ತು. ಎಡಕ್ಕ ಮಗ್ಗಲದಾಗ ನಿಂತವ್ರು ನನಗ ಕಾಣಂಗಿಲ್ಲ. ಮುಂದ ನಿಂತ್ರ ಕಾಣತಾರ.”

ಅವನ ಈ ಮಾತಿನಲ್ಲಿ ಅರ್ಧ ತೀರ್ಪು ಅಡಗಿದೆ ಎಂಬುದು ನನಗೆ ತಡವಾಗಿ ಹೊಳೆಯಿತು. ವಾಹನಗಳು ನಿಲ್ಲುವ ಗೆರೆಯಿಂದ ನಾಲ್ಕೈದು ಮೀಟರು ಮುಂದೆ ಸೈಕಲ್ಲಿಗೆ ಇನ್ನೊಂದು ಗೆರೆ ಎಳೆಯುವ ಪದ್ಧತಿ ಹಾಲೆಂಡಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಬಹುಕಾಲದಿಂದ ಇದೆ. ಅದಕ್ಕೆ ಬೇಕಾದದ್ದು ಒಂದಿಷ್ಟು ಬಣ್ಣ, ಅದನ್ನು ಕಾಯುವ ಮನಸ್ಸು. ಹಸಿರನ್ನು ಸೈಕಲ್ಲಿಗೆ ನಾಲ್ಕೈದು ಸೆಕೆಂಡು ಮೊದಲೇ ಕೊಟ್ಟರೆ, ಹೊರಡುವಾಗಿನ ಆ ತೂರಾಟ ಬಸ್ಸು ಕದಲುವ ಮುನ್ನವೇ ಮುಗಿದಿರುತ್ತದೆ. ಹಾಲೆಂಡಿನ ಗ್ರೋನಿಂಗೆನ್ ನಗರದಲ್ಲಿ ಎಲ್ಲ ದಿಕ್ಕಿನ ಸೈಕಲ್ಲುಗಳಿಗೂ ಒಮ್ಮೆಗೇ ಹಸಿರು ಕೊಡುವ ಕೂಡುರಸ್ತೆಗಳೂ ಇವೆ. ಆಗ ಮೋಟಾರುಗಳೆಲ್ಲ ನಿಂತಿರುತ್ತವೆ.

ಹಾಗಾದರೆ ಬಸ್ಸಿಗೇನು? ಬಸ್ಸು ಸಮೀಪಿಸಿದಾಗ ಹಸಿರನ್ನು ಎಂಟು ಹತ್ತು ಸೆಕೆಂಡು ಹಿಗ್ಗಿಸಬಹುದು. ನಮಗೆ ದೂರವಲ್ಲದ ಹುಬ್ಬಳ್ಳಿ–ಧಾರವಾಡಗಳ ನಡುವೆ 2018ರಲ್ಲಿ ಸಂಚಾರ ಆರಂಭಿಸಿದ ಚಿಗರಿ ಬಸ್ಸಿಗೆ ರಸ್ತೆಯ ನಡುವೆ ಮೀಸಲು ಪಥವನ್ನೇ ಮಾಡಲಾಯಿತು. ಅದರಿಂದ ಬಸ್ಸು ಚುರುಕಾಯಿತು. ಮಿಕ್ಕವರ ದಾರಿ ಇಕ್ಕಟ್ಟಾಯಿತೆಂಬ ದೂರೂ ಹುಟ್ಟಿತು. ನಮ್ಮ ಊರುಗಳಲ್ಲಿ ಅಷ್ಟು ಅಗಲದ ಬೀದಿಗಳಿಲ್ಲ. ನಮಗೆ ಸೆಕೆಂಡುಗಳಲ್ಲಿಯೇ ಹಂಚಿಕೊಳ್ಳಬೇಕು. ಸೈಕಲ್ಲಿಗೆ ಮೊದಲಿನ ಐದು, ಬಸ್ಸಿಗೆ ಕೊನೆಯ ಹತ್ತು. ಆದರೆ ಒಂದು ಕಟ್ಟಳೆ ಬೇಕು: ಬಸ್ಸಿಗೆಂದು ಹಿಗ್ಗಿಸಿದ ಹೊತ್ತನ್ನು, ಒಳಹೊಕ್ಕ ಸೈಕಲ್ಲಿನವರು ದಾಟಲು ಬೇಕಾದ ಹೊತ್ತಿನಿಂದ ಕಡಿಯಕೂಡದು.

ಇಷ್ಟಾದರೂ ತಮ್ಮನ ಆಕ್ಷೇಪ ಮುಗಿಯಲಿಲ್ಲ. “ಮುಂದ ನಿಂತ ಸೈಕಲ್ಲು ಬಸ್ಸಿಗೆ ದಾರಿ ಬಿಡೂದು ಯಾವಾಗ?” ಎಂದ. ಸೈಕಲ್ಲಿನವನು ದಾಟಿದೊಡನೆ ಎಡಕ್ಕೆ ಸರಿಯಬೇಕು, ನಿಜ. ಸರಿಯಲು ಎಡಬದಿ ಎಲ್ಲಿದೆ? ಕೂಡುರಸ್ತೆ ದಾಟಿದ ಐವತ್ತು ಹೆಜ್ಜೆಯೊಳಗೇ ನಿಲ್ಲಿಸಿದ ಮೋಟಾರ್ ಸೈಕಲ್ಲುಗಳು, ಕಾರುಗಳು, ಆಟೋಗಳು, ತಳ್ಳುಗಾಡಿಗಳು. ಬಸ್ಸಿನ ನಿಲುಗಡೆಯೋ ಎಷ್ಟೋ ಕಡೆ ಕೂಡುರಸ್ತೆಗೆ ಮುಂಚೆಯೇ. ಜನ ಹತ್ತಿ ಇಳಿಯುವಷ್ಟರಲ್ಲಿ ಹಸಿರು ಕಳೆದುಹೋಗುತ್ತದೆ, ಕಳೆದ ಹೊತ್ತನ್ನು ಹಿಡಿಯಲು ಚಾಲಕ ಅವಸರಪಡುತ್ತಾನೆ. ನಾವಿಬ್ಬರೂ ಇಷ್ಟು ವರ್ಷ ಪರಸ್ಪರ ಹೊಡೆದಾಡಿಕೊಂಡದ್ದು, ಮೂರನೆಯವರು ತಿಂದುಬಿಟ್ಟ ಜಾಗಕ್ಕಾಗಿ ಎಂಬುದು ಆಗ ಮನದಟ್ಟಾಯಿತು. ಬಸ್ಸಿನ ನಿಲುಗಡೆ ಕೂಡುರಸ್ತೆಯನ್ನು ದಾಟಿದ ಮೇಲೆ, ಸಾಕಷ್ಟು ದೂರದಲ್ಲಿ ಇರಲಿ. ನಡುವಿನ ಎಡಬದಿ ತೆರವಾಗಿರಲಿ. ತಳ್ಳುಗಾಡಿಯವನೂ ಬಡವನೇ, ಅವನನ್ನು ಓಡಿಸುವ ಮುನ್ನ ಅವನಿಗೊಂದು ಜಾಗ ಗುರುತಿಸಿಕೊಡುವುದು ಊರಿನ ಹೊಣೆ. ನೆರಳಿಗೆ ನಿಲ್ಲಿಸಿದ ಕಾರಿಗೆ ಆ ದಾಕ್ಷಿಣ್ಯ ಬೇಕಿಲ್ಲ.

ದೀಪದ ಕಂಬವಿಲ್ಲದಲ್ಲಿಯೂ ಈ ನ್ಯಾಯ ಸಲ್ಲುತ್ತದೆ. ಪೋಲೀಸಿನವನು ಕೈ ತೋರಿಸುವಾಗ ಸೈಕಲ್ಲುಗಳನ್ನು ಐದೆಣಿಕೆ ಮೊದಲು ಬಿಡಬಹುದು. ಸೈಕಲ್ಲಿನವರಿಗೂ ಒಂದು ಕರ್ತವ್ಯವುಂಟು: ತಿರುಗಲಿರುವ ಬಸ್ಸಿನ ಎಡಮಗ್ಗುಲಿಗೆ ನುಸುಳದೆ ಒಂದೋ ಅದರ ಮುಂದೆ, ಇಲ್ಲವೆ ಹಿಂದೆ ನಿಲ್ಲಬೇಕು. ‘ಆನೆ ನಡೆದದ್ದೇ ದಾರಿ’ ಎಂಬ ಗಾದೆ ಕಾಡಿಗೆ ಸರಿ, ಊರಿಗಲ್ಲ.

ಕೊಪ್ಪಳದ ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಲಘುಶಿಲಾಶಾಸನವಿದೆ. ಶ್ರೇಯಸ್ಸು ದೊಡ್ಡವರ ಸೊತ್ತು ಮಾತ್ರವಲ್ಲ, ಚಿಕ್ಕವರೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲರು, ಇಬ್ಬರೂ ಪ್ರಯತ್ನಿಸಲಿ ಎಂಬುದು ಅದರ ಆಶಯ. ಅದೇ ಊರಿನ ನಡುವೆ ಆ ಅರಸನ ಹೆಸರಿನ ವೃತ್ತವೂ ಇದೆ. ಅದನ್ನು ದಾಟುವಾಗಲೆಲ್ಲ ನನಗೆ ಗೋಡೆಗೆ ಒರಗಿದ ಆ ಸೈಕಲ್ಲು ನೆನಪಾಗುತ್ತದೆ.

ತಮ್ಮ ಈಗ ಸೈಕಲ್ಲು ಕೊಂಡಿದ್ದಾನೆ. ಮೊಣಕಾಲು ನೋವಿಗೆ ವೈದ್ಯರು ಹೇಳಿದರಂತೆ. ನಾನು ವಯಸ್ಸಾಯಿತೆಂದು ಬಸ್ಸು ಹತ್ತುತ್ತೇನೆ. ವ್ಯಾಜ್ಯ ಇನ್ನೂ ಮುಗಿದಿಲ್ಲ, ಪಕ್ಷಗಳು ಮಾತ್ರ ಬದಲಾಗಿವೆ.