ಮದ್ದಿಗೆ ಮಣಿಯದ ಜೀವಿಗಳು



ಕನ್ನಡದ 'ಮದ್ದು' ಎಂಬ ಮಾತಿಗೆ ಔಷಧವೆಂಬ ಅರ್ಥವೂ ಉಂಟು, ವಿಷವೆಂಬ ಅರ್ಥವೂ ಉಂಟು. 'ಮದ್ದು ಕೊಟ್ಟರು' ಎಂದರೆ ಉಪಕಾರ. 'ಮದ್ದು ಹಾಕಿದರು' ಎಂದರೆ ಅಪಕಾರ. ಮೂವತ್ತು ವರ್ಷ ತರಗತಿಯಲ್ಲಿ ಈ ವ್ಯತ್ಯಾಸವನ್ನು ಹೇಳಿಕೊಟ್ಟವನು ನಾನು. ಅದು ನನಗೇ ಮನವರಿಕೆಯಾದದ್ದು ನಿವೃತ್ತನಾಗಿ ಬೇಗೂರಿನಲ್ಲಿ ನೆಲಸಿದ ಮೇಲೆ, ಮೂತ್ರದ ಸೋಂಕು ತಗುಲಿದಾಗ. ಪ್ರಯೋಗಾಲಯದ ವರದಿಯಲ್ಲಿ ಹತ್ತಾರು ಔಷಧಗಳ ಹೆಸರಿದ್ದುವು. ಬಹುಪಾಲು ಹೆಸರುಗಳ ಎದುರಿಗೆ 'ಇದು ನಾಟದು' ಎಂಬ ಗುರುತು. ಉಳಿದ ಒಂದೆರಡರ ಬಲದಿಂದ ಬದುಕಿದೆ.

ಆ ಸೋಂಕು ಎಲ್ಲಿಂದ ಬಂದಿತೆಂದು ಹೇಳುವಂತಿಲ್ಲ. ಆದರೆ ಇಂಥ ಜೀವಿಗಳು ಬಲಿಯುವ ಬಗೆ ತಿಳಿದದ್ದೇ. ಔಷಧ ಬಿದ್ದಾಗ ದುರ್ಬಲ ಬ್ಯಾಕ್ಟೀರಿಯಾಗಳು ಸಾಯುತ್ತವೆ. ತಾಳಿಕೊಂಡವು ಉಳಿದು ಹೆಚ್ಚುತ್ತವೆ. ತಾಳುವ ಗುಣವನ್ನು ಅನ್ಯಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲಿಯೇ, ಸಾಲದಷ್ಟು ಪ್ರಮಾಣದಲ್ಲಿ ಔಷಧ ಬಳಸಿದರೆ ಹೀಗಾದೀತೆಂದು ಎಚ್ಚರಿಸಿದ್ದನು. ಆದರೂ ಕೋಳಿ, ಹಂದಿಗಳು ಬೇಗ ಬೆಳೆಯಲೆಂದು ಆಹಾರದಲ್ಲಿ ಅಷ್ಟಿಷ್ಟು ಔಷಧ ಬೆರೆಸುವ ರೂಢಿ ಲೋಕದ ಹಲವೆಡೆ ಹಬ್ಬಿತು. ಬೇರೆ ಔಷಧಗಳು ಸೋತಾಗ ವೈದ್ಯರಿಗೆ ಉಳಿಯುವ ಕೊನೆಯ ಅಸ್ತ್ರಗಳಲ್ಲೊಂದು ಕೊಲಿಸ್ಟಿನ್. ಅದನ್ನೂ ಸೋಲಿಸುವ, ಒಂದರಿಂದೊಂದಕ್ಕೆ ದಾಟುವ ಗುಣವು ಚೀನಾದ ಹಂದಿಗಳಲ್ಲಿ, ಹಸಿ ಮಾಂಸದಲ್ಲಿ, ರೋಗಿಗಳಲ್ಲಿ ಕಂಡುಬಂದುದು 2015ರಲ್ಲಿ ವರದಿಯಾಯಿತು. 2019ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರವು ಕೋಳಿ ಮೊದಲಾದ ಆಹಾರಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು.

ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿದೆ ನಮ್ಮ ಬೇಗೂರು. ಇಲ್ಲಿಯೂ ಭಾನುವಾರ ಕೋಳಿ ಅಂಗಡಿಯ ಮುಂದೆ ಜನ ನೆರೆಯುತ್ತಾರೆ. ಮಾಂಸ ತಿನ್ನಬೇಡಿರೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಕುದಿದು ಬೆಂದ ಸಾರಿನಲ್ಲಿ ಈ ಜೀವಿಗಳು ಬದುಕಿರವು. ಅಪಾಯವಿರುವುದು ಒಲೆಗೆ ಏರುವ ಮುನ್ನ. ಮಾಂಸ ಕೊಯ್ದ ಈಳಿಗೆಮಣೆಯನ್ನು ಸೋಪು ಹಾಕಿ ತೊಳೆಯದೆ ಅದರಲ್ಲಿಯೇ ಕೋಸಂಬರಿಗೆ ಸೌತೆಕಾಯಿ ಹೆಚ್ಚಿದರೆ, ಬೇಯದ ಕೋಸಂಬರಿಯ ಮೂಲಕ ಅವು ನಮ್ಮ ಹೊಟ್ಟೆ ಸೇರುತ್ತವೆ.

ನೆರೆಮನೆಯ ಮೊಮ್ಮಗ ರಜೆಗೆಂದು ಬೆಂಗಳೂರಿನಿಂದ ಬಂದಿದ್ದಾನೆ. ಜೊತೆಗೊಂದು ನಾಯಿ. ಅದಕ್ಕೆ ಹಸಿ ಮಾಂಸವೇ ಆಹಾರ. "ಫ್ರಿಜ್ಜಿನಲ್ಲಿ ಗಟ್ಟಿಯಾಗಿರುತ್ತೆ ತಾತ, ಏನೂ ಆಗೋಲ್ಲ" ಎಂದ. ಚಳಿಗೆ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲುತ್ತದೆ, ಅವೆಲ್ಲವೂ ಸಾಯುವುದಿಲ್ಲ. ನಾಯಿಗಳಿಗೆಂದು ಮಾರುವ ಹಸಿ ಮಾಂಸದಲ್ಲಿ ಮದ್ದಿಗೆ ಮಣಿಯದ ಜೀವಿಗಳನ್ನು ಸ್ವಿಟ್ಜರ್ಲೆಂಡ್, ಪೋರ್ಚುಗಲ್ ದೇಶಗಳ ಸಂಶೋಧಕರು ಕಂಡಿದ್ದಾರೆ. ನಾಯಿಗೆ ಏನೂ ಆಗದಿರಬಹುದು. ಆದರೆ ಅದು ಮನೆಯ ಕೂಸಿನ ಮುಖ ನೆಕ್ಕುತ್ತದೆ.

ಹುಡುಗನನ್ನು ಗದರಿಸಹೊರಟವನು ತಡೆದೆ. ಜ್ವರ ಬಿಟ್ಟ ಮರುದಿನವೇ ಮಾತ್ರೆ ನಿಲ್ಲಿಸಿ, ಉಳಿದವನ್ನು ಡಬ್ಬಿಯಲ್ಲಿ ಕೂಡಿಟ್ಟು, ಕರು ಮಂಕಾದಾಗ ವೈದ್ಯರನ್ನು ಕೇಳದೆ ಅದನ್ನೇ ಅರೆದು ಕುಡಿಸಿದವನು ನಾನೇ ಅಲ್ಲವೆ? ಮದ್ದು ಕೊಡುತ್ತಿದ್ದೇನೆಂದು ತಿಳಿದಿದ್ದೆ; ಹಾಕುತ್ತಿದ್ದೆ.

ಇದನ್ನೆಲ್ಲ ಹುಡುಗನಿಗೆ ಮುಚ್ಚಿಡದೆ ಹೇಳಿದೆ. ಸಂಜೆ ಅವನ ಅಜ್ಜಿ ಮೂಳೆ ಬಿಡಿಸಿ, ಉಪ್ಪುಖಾರವಿಲ್ಲದೆ ಮಾಂಸ ಬೇಯಿಸಿ, ಆರಿಸಿ ಹಾಕಿದರು. ನಾಯಿ ತಟ್ಟೆ ನೆಕ್ಕಿ ಮತ್ತೆ ಬೇಕೆಂದು ಬಾಲವಾಡಿಸಿತು. ನಾನು ಮನೆಗೆ ಬಂದು ಮಾತ್ರೆಯ ಡಬ್ಬಿಯನ್ನು ಬರಿದುಮಾಡಿದೆ.