ಊದುಗೊಳವೆಯ ಉಸಿರು

ಹರಪನಹಳ್ಳಿ ಸೀಮೆಯ ತೆಲಿಗಿಯಲ್ಲಿ ನನ್ನ ಅಕ್ಕ ಐವತ್ತು ವರ್ಷ ಊದುಗೊಳವೆ ಹಿಡಿದು ಒಲೆ ಊದಿದಳು. ಬೀಡಿ ಮುಟ್ಟದವಳ ಶ್ವಾಸಕೋಶವನ್ನು ಸೌದೆಯ ಹೊಗೆಯೇ ಕೆಡಿಸಿತು. ಈಗ ಅವಳು ದಾವಣಗೆರೆಯ ಒಂದು ಶುಶ್ರೂಷಾಲಯದ ನಿವಾಸಿ. ಮಂಚದ ಪಕ್ಕದ ಯಂತ್ರವು ಗಾಳಿಯೊಳಗಿನ ಸಾರಜನಕವನ್ನು ತಡೆಹಿಡಿದು ಆಮ್ಲಜನಕವನ್ನು ಒದಗಿಸುತ್ತದೆ.

ಒಂದು ಸಂಜೆ ಅವಳ ಏದುಸಿರು ನೋಡಲಾರದೆ ನಾನು ಅದರ ತಿರುಪನ್ನು ಏರಿಸಿಬಿಟ್ಟೆ. ದಾದಿ ಓಡಿಬಂದು ಇಳಿಸಿದಳು. ಇಂಥವರ ರಕ್ತದಲ್ಲಿ ಆಮ್ಲಜನಕ ಶೇಕಡಾ 88ರಿಂದ 92ರವರೆಗಿದ್ದರೆ ಸಾಕಂತೆ. ಮಿತಿಮೀರಿದರೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ಮಂಪರು ಕವಿದೀತು. ಔಚಿತ್ಯವಿಚಾರವನ್ನು ಮೂವತ್ತು ವರ್ಷ ಬೋಧಿಸಿದವನು ನಾನು!

ದಾದಿ ಅಕ್ಕನನ್ನು ಎತ್ತಿ ಕೂರಿಸಿ, ತುಸು ಮುಂದಕ್ಕೆ ಬಾಗಿಸಿ, ಮೂಗಿನಿಂದೆಳೆದ ಉಸಿರನ್ನು ತುಟಿ ಕಿರಿದಾಗಿಸಿ ಮೆಲ್ಲಗೆ ಬಿಡುವುದನ್ನು ಕಲಿಸಿದಳು.

“ಒಲಿ ಊದ್ದಂಗೇನವ್ವಾ?” ಎಂದಳು ಅಕ್ಕ.

“ಹೂಂ ಅಜ್ಜಿ. ಆದರೆ ಬೂದಿ ಹಾರಬಾರದು.”