ನಂಬರ್ ಕೇಳಿದರೆ ‘ಎಂತಕ್ಕೆ?’ ಎನ್ನಿ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮೂರ ಜಿನಸಿ ಅಂಗಡಿಯಲ್ಲಿ ಹಿಂದೆ ಉದ್ರಿ ಪುಸ್ತಕ ಇರುತ್ತಿತ್ತು. ಯಾರ ಮನೆಗೆ ಎಷ್ಟು ಕುಚ್ಚಲಕ್ಕಿ, ಯಾರ ಬಾಕಿ ಎಷ್ಟು ತಿಂಗಳಿನದು ಎಂಬುದೆಲ್ಲ ಅಂಗಡಿಯವರಿಗೆ ಗೊತ್ತಿತ್ತು. ಅಂಗಡಿಯವರ ಮನೆಯೂ ನಮಗೆ ಗೊತ್ತಿತ್ತು. ಲೆಕ್ಕದಲ್ಲಿ ಸಂಶಯ ಬಂದರೆ ಪುಸ್ತಕ ತೆರೆಸಿ ನೋಡುತ್ತಿದ್ದೆವು. ಬಾಕಿ ತೀರಿದರೆ ಗೆರೆ ಎಳೆಯುತ್ತಿದ್ದರು.

ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವುದೇ ದೊಡ್ಡ ಮಳಿಗೆಗೆ ಹೋದರೂ ಬಿಲ್ಲಿಗೆ ಮುಂಚೆ ‘ಮೊಬೈಲ್ ನಂಬರ್ ಹೇಳಿ’ ಎಂಬ ಮಾತು ಕೇಳಿಬರುವುದುಂಟು. ಆ ನಂಬರಿನ ಜೊತೆ ಕೊಂಡ ಸಾಮಾನು, ದಿನ, ಮೊತ್ತ ಸೇರಿಕೊಳ್ಳಬಹುದು. ಅದೇ ನಂಬರ್ ಔಷಧಿ ಅಂಗಡಿಯಲ್ಲೂ ಫೋನಿನ ಆ್ಯಪ್‌ಗಳಲ್ಲೂ ಇದ್ದರೆ ಎಲ್ಲವನ್ನೂ ಜೋಡಿಸುವುದು ಸುಲಭ. ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಸುರಿ ಎಂದು ಊಹಿಸಬಹುದು. ಈ ಪುಸ್ತಕ ಎಲ್ಲಿದೆ, ಯಾರು ಓದುತ್ತಾರೆ ಎಂದು ಮಾತ್ರ ನಾವು ಕಾಣೆವು. ಅವರು ನಮ್ಮನ್ನು ಬಲ್ಲರು, ನಾವು ಅವರನ್ನು ಅರಿಯೆವು.

ಫೋನಿನ ಟಾರ್ಚನ್ನೇ ನೋಡಿ. ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಉಚಿತ ಆ್ಯಪ್ ಜನರಿಗೆ ತಿಳಿಸದೆ ಅವರು ಇರುವ ಜಾಗದ ವಿವರವನ್ನು ಜಾಹೀರಾತು ಜಾಲಗಳಿಗೆ ಕೊಡುತ್ತಿತ್ತೆಂದು 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. ಬೆಳಕು ಬೀರಲು ಟಾರ್ಚಿಗೆ ನಮ್ಮ ಊರು ಯಾವುದೆಂದು ತಿಳಿಯಬೇಕೆ?

‘ಮುಚ್ಚಿಡುವಂಥದ್ದು ನನ್ನಲ್ಲಿ ಏನಿದೆ?’ ಎಂದು ಕೆಲವರು ಕೇಳುತ್ತಾರೆ. ಮನೆಗೆ ಬಾಗಿಲು ಇಡುವುದು ಕಳ್ಳತನ ಮಾಡಿದವರು ಮಾತ್ರವೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಖಾಸಗಿತನಕ್ಕೆ ಅಪಾಯ ಸರ್ಕಾರದಿಂದ ಮಾತ್ರವಲ್ಲ, ಖಾಸಗಿಯವರಿಂದಲೂ ಬರಬಹುದೆಂದು ತೀರ್ಪು ಗುರುತಿಸಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಯಾಗುವಂತೆ ಗೊತ್ತಾಗಿವೆ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ಅದರಲ್ಲಿದೆ. 18 ವರ್ಷದೊಳಗಿನವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು, ಮಕ್ಕಳ ಜಾಡು ಹಿಡಿದು ಜಾಹೀರಾತು ತೋರಿಸಬಾರದು ಎಂಬುದು ಅದರ ಸಾಮಾನ್ಯ ನಿಯಮ. ಇಲ್ಲಿ ಕುಳಿತ ಪೋಷಕರು ಇದನ್ನು ನೆನಪಿಡಬೇಕು.

ಕಾಯ್ದೆ ಇದ್ದರೆ ಸಾಲದು, ಕೇಳುವ ಬಾಯಿಯೂ ಬೇಕು. ಮೊಬೈಲ್ ನಂಬರ್ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಒತ್ತಾಯಿಸಿದರೆ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಫೋನಿನ ಸೆಟ್ಟಿಂಗ್ಸ್ ತೆರೆದು, ಯಾವ ಆ್ಯಪ್‌ಗೆ ಲೊಕೇಶನ್, ಮೈಕ್, ಕಾಂಟ್ಯಾಕ್ಟ್ಸ್ ಅನುಮತಿ ಇದೆ ಎಂದು ನೋಡಿ, ಬೇಡದ್ದನ್ನು ತೆಗೆಯಿರಿ. ಗೊತ್ತಿಲ್ಲದ ಹಿರಿಯರಿಗೆ ವಿದ್ಯಾರ್ಥಿಗಳು ಮಾಡಿಕೊಡಿ.

ಕೌಂಟರಿನಲ್ಲಿ ಕುಳಿತ ಹುಡುಗ ಹುಡುಗಿಯರ ಮೇಲೆ ರೇಗಬೇಡಿ, ಅವರೂ ನಮ್ಮ ಊರಿನ ಮಕ್ಕಳೇ. ನಗುತ್ತಲೇ ನಮ್ಮ ಭಾಷೆಯಲ್ಲಿ, ‘ಎಂತಕ್ಕೆ ಮಾರಾಯ್ರೆ?’ ಎಂದು ಕೇಳಿ. ತರಗತಿಯಲ್ಲಿ ಪ್ರಶ್ನೆ ಕೇಳಲು ಈ ಶಾಲೆ ನಮಗೆ ಧೈರ್ಯ ಕೊಟ್ಟಿದೆ. ಅಂಗಡಿಯಲ್ಲೂ ಆ ಧೈರ್ಯ ಇರಲಿ.